ಹೊಡೆಯುವವರ ಕೈಯಲ್ಲಿ ಕೋವಿ ಇದ್ದರೆ: ಅದನ್ನು ಮನೆಯಿಂದ ಹೊರಗೆ ಹಾಕಿಸುವುದು ಹೇಗೆ?

ಕೌಟುಂಬಿಕ ದೌರ್ಜನ್ಯದ ಬಗ್ಗೆ ಬರೆದಾಗಲೆಲ್ಲ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಡೆಯ ಓದುಗರಿಂದ ಬರುವ ಪ್ರಶ್ನೆ ಒಂದೇ: “ಮನೆಯಲ್ಲಿ ಹೊಡೆತ ಬಡಿತ ಇದೆ, ಜೊತೆಗೆ ಲೈಸೆನ್ಸ್ ಇರುವ ಕೋವಿಯೂ ಇದೆ. ಜಗಳ ಆದಾಗೆಲ್ಲ ಅದರ ಕಡೆ ಕೈ ತೋರಿಸುತ್ತಾರೆ. ಆ ಕೋವಿಯನ್ನು ಸರ್ಕಾರದವರು ತೆಗೆದುಕೊಂಡು ಹೋಗುವ ಹಾಗೆ ಮಾಡಬಹುದಾ?”

ಮಾಡಬಹುದು. ಆದರೆ ತಾನಾಗಿ ಆಗುವುದಿಲ್ಲ. ಹೆಂಡತಿಯನ್ನು ಹೊಡೆದವನ ಕೋವಿ ಕೂಡಲೇ ಹೋಗಬೇಕು ಎಂದು ನೇರವಾಗಿ ಹೇಳುವ ಒಂದೇ ಒಂದು ಕಲಮು ನಮ್ಮ ದೇಶದ ಕಾನೂನಿನಲ್ಲಿಲ್ಲ. ಕೋವಿಯ ಮಾತು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆ, ಹೊಡೆತದ ಮಾತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿದೆ. ಒಂದನ್ನು ಜಿಲ್ಲಾಧಿಕಾರಿ ಕಚೇರಿ ನೋಡಿಕೊಳ್ಳುತ್ತದೆ, ಇನ್ನೊಂದನ್ನು ಮ್ಯಾಜಿಸ್ಟ್ರೇಟ್ ಕೋರ್ಟು. ಒಬ್ಬರ ಫೈಲು ಇನ್ನೊಬ್ಬರ ಮೇಜಿಗೆ ತಾನಾಗಿ ಹೋಗುವುದಿಲ್ಲ. ಎರಡನ್ನೂ ಜೋಡಿಸುವ ಕೆಲಸ ನಿಮ್ಮದು, ಇಲ್ಲವೇ ನಿಮ್ಮ ಪರವಾಗಿ ಓಡಾಡುವವರದ್ದು. ಹಾಗಾಗಿ ಈ ಲೇಖನದ ಉದ್ದಕ್ಕೂ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ನೀವು ಕೊಡುವ ಪ್ರತಿಯೊಂದು ಕಾಗದದಲ್ಲೂ ಕೋವಿಯ ವಿಷಯ ಬರೆದಿರಲೇಬೇಕು. “ಹೊಡೆಯುತ್ತಾರೆ, ಬೈಯುತ್ತಾರೆ” ಎಂದಷ್ಟೇ ಬರೆದು ಬಂದರೆ ಕೋವಿಯ ಬಗ್ಗೆ ಯಾರೂ ಕೇಳದೆ ಹೋಗಬಹುದು.

ಗಂಡನಿಗೆ ಮಾತ್ರವಲ್ಲ, ಹೊಡೆಯುವ ಮಗ, ಅಣ್ಣ, ಮಾವ, ಮದುವೆಯಾಗದೆ ಒಟ್ಟಿಗೆ ಬಾಳಿದ ಸಂಗಾತಿ, ಎಲ್ಲರಿಗೂ ಇದೇ ದಾರಿ. 2005ರ ಕಾಯ್ದೆ ಹೆಂಡತಿಗೆ ಮಾತ್ರವಲ್ಲ, ಒಂದೇ ಸೂರಿನಡಿ ಬಾಳಿದ ತಾಯಿ, ಅಕ್ಕ-ತಂಗಿಯರಿಗೂ ರಕ್ಷಣೆ ಕೊಡುತ್ತದೆ.

ಮೊದಲಿಗೆ, ಈಗಲೇ ಅಪಾಯ ಇದ್ದರೆ

ಕೋವಿ ಕೈಗೆತ್ತಿಕೊಂಡಿದ್ದಾರೆ ಅಥವಾ ತೋಟಾ ತುಂಬಿದ್ದಾರೆ ಎಂದಾದರೆ ಮುಂದಕ್ಕೆ ಓದಬೇಡಿ. ಮಕ್ಕಳನ್ನು ಕರೆದುಕೊಂಡು ಮನೆಯಿಂದ ಹೊರಗೆ ಹೋಗಿ 112ಕ್ಕೆ ಕರೆ ಮಾಡಿ. ಕರೆಯಲ್ಲಿ ಮೊದಲ ವಾಕ್ಯವೇ “ಅವರ ಕೈಯಲ್ಲಿ ಕೋವಿ ಇದೆ” ಎಂದಿರಲಿ. ಬರುವ ಪೊಲೀಸರ ಸಿದ್ಧತೆಯೇ ಬೇರೆಯಾಗುತ್ತದೆ. ಮಹಿಳಾ ಸಹಾಯವಾಣಿ 181.

ಇಲ್ಲಿ ಬಹಳ ಜನ ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಭಯಕ್ಕೆ ಕೋವಿಯನ್ನು ಬಚ್ಚಿಡುವುದು, ಕೆರೆಗೆ ಎಸೆಯುವುದು, ರಾತ್ರೋರಾತ್ರಿ ತವರಿನ ಅಣ್ಣನ ಮನೆಗೆ ಸಾಗಿಸುವುದು. ದಯವಿಟ್ಟು ಮಾಡಬೇಡಿ. ಲೈಸೆನ್ಸ್ ಇಲ್ಲದ ಅಣ್ಣನ ಮನೆಯಲ್ಲಿ ಕೋವಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಅವನ ಮೇಲೆ ಬೀಳುತ್ತದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಜೈಲು. ತುಂಬಿದ ಕೋವಿಯನ್ನು ಅಭ್ಯಾಸವಿಲ್ಲದವರು ಎತ್ತಿಕೊಂಡು ಓಡುವುದರ ಅಪಾಯವಂತೂ ಹೇಳಬೇಕಾಗಿಲ್ಲ. ನಿಮ್ಮ ಕೆಲಸ ಕೋವಿ ಎಲ್ಲಿದೆ ಎಂದು ಹೇಳುವುದು. ತೆಗೆಯುವುದು ಪೊಲೀಸರ ಕೆಲಸ.

ಹಂತ 1: ಕೋವಿಯ ವಿವರ ಕಲೆಹಾಕಿ

ಜಿಲ್ಲಾಧಿಕಾರಿ ಕಚೇರಿಯ ಗುಮಾಸ್ತರು ಮೊದಲು ಕೇಳುವುದು ಲೈಸೆನ್ಸ್ ನಂಬರು. ಅದು ಸಿಕ್ಕರೆ ಅರ್ಧ ಕೆಲಸ ಆದಂತೆ. ಲೈಸೆನ್ಸ್ ಪುಸ್ತಕದಲ್ಲಿ ಯಜಮಾನರ ಫೋಟೋ, ಲೈಸೆನ್ಸ್ ಸಂಖ್ಯೆ, ಯು.ಐ.ಎನ್. ಎಂಬ ರಾಷ್ಟ್ರಮಟ್ಟದ ಗುರುತಿನ ಸಂಖ್ಯೆ, ಕೋವಿಯ ಬಗೆ, ಕೋವಿಯ ಮೇಲೆ ಕೆತ್ತಿರುವ ನಂಬರು, ಯಾವ ದಿನಾಂಕದವರೆಗೆ ಊರ್ಜಿತ, ಕೊಟ್ಟ ಅಧಿಕಾರಿ ಯಾರು ಎಂಬುದೆಲ್ಲ ಇರುತ್ತದೆ. ಅವರಿಗೆ ಗೊತ್ತಾಗದಂತೆ ಆ ಪುಟಗಳ ಫೋಟೋ ತೆಗೆದು ನಂಬುವವರೊಬ್ಬರಿಗೆ ಕಳಿಸಿ, ನಿಮ್ಮ ಫೋನಿನಿಂದ ಅಳಿಸಿ. ಪುಸ್ತಕ ಕೈಗೆ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ತಂದಿರುತ್ತಾರಲ್ಲ, ಅದು ಬೀರುವಿನಲ್ಲೋ ಪಹಣಿ ಕಾಗದಗಳ ನಡುವೆಯೋ ಇರುತ್ತದೆ. ಅದರಲ್ಲೂ ವಿವರ ಸಿಗುತ್ತದೆ. ಏನೂ ಸಿಗದಿದ್ದರೂ ಹಿಂಜರಿಯಬೇಡಿ. ಹೆಸರು, ಊರು, ವಿಳಾಸ ಕೊಟ್ಟರೆ ದಾಖಲೆ ಹುಡುಕುವುದು ಕಚೇರಿಗೆ ಸಾಧ್ಯ.

ಹುಡುಕುವಾಗ ನಿಮ್ಮ ಮನೆಯ ಕೋವಿ ಯಾವ ಗುಂಪಿಗೆ ಸೇರಿದ್ದೆಂದು ತಿಳಿದುಕೊಳ್ಳಿ, ಮುಂದಿನ ದಾರಿ ಅದರ ಮೇಲಿದೆ.

ಲೈಸೆನ್ಸ್ ಇರುವ ಕೋವಿ: ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಜಿಲ್ಲಾಧಿಕಾರಿಗಳು ಕೊಟ್ಟಿರುತ್ತಾರೆ. ಬೆಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರ್. ಇವರನ್ನೇ ಕಾಯ್ದೆ ‘ಲೈಸೆನ್ಸಿಂಗ್ ಪ್ರಾಧಿಕಾರ’ ಎನ್ನುತ್ತದೆ.

ಕೊಡಗಿನ ವಿನಾಯಿತಿ ಕೋವಿ: ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೂ ಲೈಸೆನ್ಸ್ ಬೇಕಿಲ್ಲ ಎಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅನೇಕರು ಇದನ್ನು ‘ನಮ್ಮ ಕೋವಿಯನ್ನು ಯಾರೂ ಮುಟ್ಟುವಂತಿಲ್ಲ’ ಎಂದು ಅರ್ಥ ಮಾಡಿಕೊಂಡಿದ್ದಾರೆ. ಹಾಗಲ್ಲ. ವಿನಾಯಿತಿ ಇರುವುದು ಲೈಸೆನ್ಸ್ ಪಡೆಯುವ 3 ಮತ್ತು 4ನೇ ಕಲಮುಗಳಿಂದ. ಅಪಾಯವಿರುವಲ್ಲಿ ಆಯುಧ ವಶಪಡಿಸಿಕೊಳ್ಳುವ ಅಧಿಕಾರ ಕಾಯ್ದೆಯ ಬೇರೆ ಕಲಮುಗಳಲ್ಲಿದೆ, ಅದನ್ನು ಮುಂದೆ ಹೇಳುತ್ತೇನೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ಗೆ ಹೂವಿಟ್ಟು ಪೂಜಿಸುವ ಕೋವಿಯ ಮೇಲೆ ದೂರು ಕೊಟ್ಟರೆ ಮನೆತನಕ್ಕೆ ಅವಮಾನ ಎಂದು ಹಿರಿಯರು ನಿಮ್ಮನ್ನು ತಡೆಯಬಹುದು. ನಿಮ್ಮ ದೂರು ಆ ಪದ್ಧತಿಯ ಮೇಲಲ್ಲ, ಆ ಕೋವಿಯನ್ನು ಹೆಣ್ಣಿನ ಎದೆಗೆ ಹಿಡಿದವರ ಮೇಲೆ.

ಲೈಸೆನ್ಸೇ ಇಲ್ಲದ ನಾಡಕೋವಿ: ಇದಕ್ಕೆ ಜಿಲ್ಲಾಧಿಕಾರಿಯವರೆಗೆ ಹೋಗಬೇಕಾಗಿಲ್ಲ. ಇಟ್ಟುಕೊಂಡದ್ದೇ ಅಪರಾಧ, ಠಾಣೆಗೆ ಮಾಹಿತಿ ಕೊಟ್ಟರೆ ಸಾಕು. ತೀರಿಹೋದ ಅಜ್ಜನ ಹೆಸರಿನ ಲೈಸೆನ್ಸಿನ ಕೋವಿಯನ್ನು ಮೊಮ್ಮಗ ಹಾಗೇ ಇಟ್ಟುಕೊಂಡಿದ್ದರೂ ಅದು ಅವನ ಲೈಸೆನ್ಸ್ ಆಗುವುದಿಲ್ಲ.

ಹಂತ 2: ಠಾಣೆಯಲ್ಲಿ ದೂರು

ಠಾಣೆಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಘಟನೆಗಳನ್ನು ದಿನಾಂಕದ ಪ್ರಕಾರ ಬರೆದುಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ, ಕೋವಿ ಎಲ್ಲಿತ್ತು, ಯಾರು ನೋಡಿದರು, ಬಾಯಿಂದ ಬಂದ ಮಾತು ಏನು. “ಸಾಯಿಸುತ್ತೇನೆ ಅಂದರು” ಎಂದು ಸಾರಾಂಶ ಬರೆಯುವುದಕ್ಕಿಂತ ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ. ಕೋವಿಯನ್ನು ಗೋಡೆಯಿಂದ ಇಳಿಸಿ ಊಟದ ಮೇಜಿನ ಮೇಲೆ ಇಟ್ಟುಕೊಂಡು ಕುಳಿತದ್ದು, ಮಾತು ನಡೆಯುವಾಗಲೇ ನಳಿಗೆ ಒರೆಸುತ್ತಿದ್ದದ್ದು, ಅಂಗಳದಲ್ಲಿ ಗಾಳಿಗೆ ಒಂದು ಸುತ್ತು ಹೊಡೆದದ್ದು, ಇವೆಲ್ಲ ಬೆದರಿಕೆಯೇ. ಮೈಮೇಲೆ ಗಾಯವಿಲ್ಲ ಎಂಬ ಕಾರಣಕ್ಕೆ ಬಿಟ್ಟುಬಿಡಬೇಡಿ.

2024ರ ಜುಲೈ 1ರಿಂದ ಹಳೆಯ ಐ.ಪಿ.ಸಿ. ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಿಮಗೆ ಬೇಕಾಗುವುದು ಮುಖ್ಯವಾಗಿ ಎರಡು ಕಲಮು. 85 ಎಂದರೆ ಗಂಡ ಅಥವಾ ಅವನ ಕಡೆಯವರ ಕ್ರೌರ್ಯ, ಹಿಂದೆ 498ಎ ಎನ್ನುತ್ತಿದ್ದುದು. 351 ಎಂದರೆ ಬೆದರಿಕೆ, ಹಿಂದಿನ 506. ಪ್ರಾಣಬೆದರಿಕೆಯಾದರೆ 7 ವರ್ಷದವರೆಗೆ ಶಿಕ್ಷೆ ಇದೆ. ಕಲಮು ಹಾಕುವುದು ಪೊಲೀಸರ ಕೆಲಸವೇ ಆದರೂ, ಬೆದರಿಸಲು ಬಳಸಿದ ಕೋವಿ ಮತ್ತು ತೋಟಾಗಳನ್ನು ಜಪ್ತಿ ಮಾಡಬೇಕೆಂದು ದೂರಿನಲ್ಲೇ ಬರೆಯಿರಿ. ಜಪ್ತಿ ಎಂದರೆ ಸಾಕ್ಷ್ಯವಾಗಿ ಪೊಲೀಸರು ವಶಕ್ಕೆ ತೆಗೆದುಕೊಳ್ಳುವುದು.

ತವರಿಗೆ ಬಂದುಬಿಟ್ಟಿದ್ದರೆ ಅಲ್ಲಿನ ಠಾಣೆಯಲ್ಲೇ ದೂರು ಕೊಡಬಹುದು. ಅದನ್ನು ಝೀರೋ ಎಫ್.ಐ.ಆರ್. ಎನ್ನುತ್ತಾರೆ, ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ದೂರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಎಸ್.ಪಿ.ಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅದಕ್ಕೂ ಉತ್ತರವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಲು ಕಾನೂನಿನಲ್ಲೇ ದಾರಿ ಇದೆ.

ಈಗ ಮುಚ್ಚಳಿಕೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಹೆಚ್ಚಿನ ಪ್ರಕರಣಗಳು ದಾರಿ ತಪ್ಪುವುದು ಇಲ್ಲೇ. ಠಾಣೆಯಲ್ಲಿ ಇಬ್ಬರನ್ನೂ ಕೂರಿಸಿ, ಬುದ್ಧಿ ಹೇಳಿ, “ಇನ್ನು ಮುಂದೆ ಹೊಡೆಯುವುದಿಲ್ಲ” ಎಂದು ಬರೆಸಿಕೊಂಡು, ಅರ್ಜಿಗೆ ಹಿಂಬರಹ (ಅರ್ಜಿಯನ್ನು ಏನು ಮಾಡಿದೆವೆಂದು ಠಾಣೆ ಬರೆದುಕೊಡುವ ಉತ್ತರ) ಕೊಟ್ಟು ಮನೆಗೆ ಕಳಿಸುವುದು ವಾಡಿಕೆ. ಹಾಗೆ ಬರೆಸಿಕೊಂಡ ಕಾಗದದಿಂದ ಕೋವಿಗೆ ಏನೂ ಆಗುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮು ಹೇಳುವುದು ಬೇರೆಯದೇ ಮುಚ್ಚಳಿಕೆಯ ಮಾತು: ಶಾಂತಿ ಕಾಪಾಡುವುದಾಗಿ ಅಥವಾ ಸನ್ನಡತೆಯಿಂದ ಇರುವುದಾಗಿ ಮುಚ್ಚಳಿಕೆ ಬರೆದುಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಿದ್ದರೆ, ಅದರ ಅವಧಿ ಮುಗಿಯುವವರೆಗೆ ಆ ವ್ಯಕ್ತಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹಿಂದೆ ಪೊಲೀಸರು ‘107 ಹಾಕ್ತೀವಿ’ ಎನ್ನುತ್ತಿದ್ದರಲ್ಲ, ಅದೇ ಇದು. ಈಗ ಅದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮು. ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಯವರ ಮುಂದೆ ನಡೆಯುತ್ತದೆ, ಗರಿಷ್ಠ 1 ವರ್ಷದ ಅವಧಿಗೆ ಆದೇಶ ಮಾಡಬಹುದು. ಆದ್ದರಿಂದ ಠಾಣೆಯಲ್ಲಿ ಹೇಳಿ: “ಇಲ್ಲಿ ಬರೆಸಿಕೊಳ್ಳುವುದು ಸಾಕಾಗುವುದಿಲ್ಲ ಸರ್, 126ರಲ್ಲಿ ತಹಶೀಲ್ದಾರರಿಗೆ ವರದಿ ಹಾಕಿ, ಅದರಲ್ಲಿ ಕೋವಿ ಇರುವುದನ್ನೂ ಬರೆಯಿರಿ.”

ಹಿಂಬರಹ ಸಿಕ್ಕರೆ ಬಿಸಾಡಬೇಡಿ. ನೀವು ದೂರು ಕೊಟ್ಟಿದ್ದಿರಿ ಎಂಬುದಕ್ಕೆ ಅದೂ ಸಾಕ್ಷಿ.

ಹಂತ 3: ಸಂರಕ್ಷಣಾಧಿಕಾರಿ ಮತ್ತು ಕೋರ್ಟು

2005ರ ಕಾಯ್ದೆಯಡಿ ಪ್ರತಿ ಪ್ರದೇಶಕ್ಕೂ ಒಬ್ಬ ಸಂರಕ್ಷಣಾಧಿಕಾರಿ ಇರುತ್ತಾರೆ. ಕರ್ನಾಟಕದಲ್ಲಿ ತಾಲ್ಲೂಕಿನ ಸಿ.ಡಿ.ಪಿ.ಓ., ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಹೊಣೆ ಹೊತ್ತಿರುತ್ತಾರೆ. ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ಎಲ್ಲಿದೆ ಎಂದು ಹೇಳುತ್ತಾರೆ. ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರ್ ಅಥವಾ ಸಾಂತ್ವನ ಕೇಂದ್ರಕ್ಕೂ ಹೋಗಬಹುದು.

ಸಂರಕ್ಷಣಾಧಿಕಾರಿ ಕೌಟುಂಬಿಕ ಘಟನಾ ವರದಿ ತಯಾರಿಸುತ್ತಾರೆ. ಇದು ನಮೂನೆ 1, ಎಲ್ಲರೂ ಡಿ.ಐ.ಆರ್. ಎನ್ನುತ್ತಾರೆ. ನಮೂನೆ 5 ಎಂಬ ಇನ್ನೊಂದಿದೆ, ಸುರಕ್ಷತಾ ಯೋಜನೆ. ಅದರಲ್ಲಿ ನಿಮಗೆ ಯಾವುದರ ಭಯ ಇದೆ, ಏನು ರಕ್ಷಣೆ ಬೇಕು ಎಂದು ಬರೆಯಲು ಜಾಗವಿದೆ. ಎರಡರಲ್ಲೂ ಕೋವಿ ಬಂದಿದೆಯೇ ಎಂದು ಸಹಿ ಹಾಕುವ ಮೊದಲು ಓದಿ ನೋಡಿ. ಓದಲು ಬಾರದಿದ್ದರೆ ಓದಿ ಹೇಳಲು ಕೇಳಿ, ಅದು ನಿಮ್ಮ ಹಕ್ಕು.

ಮುಂದೆ 12ನೇ ಕಲಮಿನ ಅರ್ಜಿ ಜೆ.ಎಂ.ಎಫ್.ಸಿ., ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ. ನೀವು ಈಗ ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೂ ಹಾಕಬಹುದು. ವಕೀಲರಿಗೆ ದುಡ್ಡಿಲ್ಲ ಎಂದು ಕೂರಬೇಡಿ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100.

ವಕೀಲರು ಸಾಮಾನ್ಯವಾಗಿ ಜೀವನಾಂಶ, ವಾಸದ ಹಕ್ಕು, ಹೊಡೆಯದಂತೆ ತಡೆ, ಇಷ್ಟನ್ನು ಬರೆಯುತ್ತಾರೆ. ಕೋವಿಗಾಗಿ ಇನ್ನೂ ನಾಲ್ಕು ಕೋರಿಕೆ ಸೇರಿಸಲು ಹೇಳಿ:

• 18ನೇ ಕಲಮಿನ ರಕ್ಷಣಾ ಆದೇಶದಲ್ಲಿ, ಆಯುಧ ಇಟ್ಟುಕೊಳ್ಳುವುದನ್ನೂ ಬಳಸುವುದನ್ನೂ ನಿಷೇಧಿಸಬೇಕು. ಆದೇಶದಲ್ಲಿ ನಮೂದಿಸಿದ ‘ಬೇರೆ ಯಾವುದೇ ಕೃತ್ಯ’ವನ್ನು ತಡೆಯುವ ಅಧಿಕಾರ ಆ ಕಲಮಿನಲ್ಲಿದೆ.

• 19(2)ರಡಿ, ನಿಮ್ಮ ಮತ್ತು ಮಕ್ಕಳ ಸುರಕ್ಷತೆಗಾಗಿ ಕೋವಿ ಮತ್ತು ತೋಟಾಗಳನ್ನು ಠಾಣೆಗೆ ಒಪ್ಪಿಸುವಂತೆ ನಿರ್ದೇಶಿಸಬೇಕು.

• 19(3)ರಡಿ, ದೌರ್ಜನ್ಯ ಎಸಗುವುದಿಲ್ಲವೆಂದು ಜಾಮೀನುದಾರರ ಸಹಿತ ಮುಚ್ಚಳಿಕೆ ಬರೆಸಿಕೊಳ್ಳಬೇಕು.

• ಇದೇ ಕಾಯ್ದೆಯ 2006ರ ನಿಯಮಗಳ 10ನೇ ನಿಯಮದಡಿ, ದೌರ್ಜನ್ಯದಲ್ಲಿ ಬಳಸಿದ ಆಯುಧವನ್ನು ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳಲು ಸಂರಕ್ಷಣಾಧಿಕಾರಿಗೆ ಲಿಖಿತವಾಗಿ ಸೂಚಿಸಬೇಕು.

ಮೂರನೆಯದ್ದು ಮಾಮೂಲಿ ಮುಚ್ಚಳಿಕೆಯಂತೆ ಕಾಣಬಹುದು. ಆದರೆ 19(4) ಓದಿ ನೋಡಿ. ಹೀಗೆ ಮಾಡಿದ ಆದೇಶವನ್ನು ದಂಡ ಪ್ರಕ್ರಿಯಾ ಸಂಹಿತೆಯ 8ನೇ ಅಧ್ಯಾಯದ ಆದೇಶವೆಂದೇ ಭಾವಿಸಬೇಕು ಎಂದಿದೆ. ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮು ಹೆಸರಿಸುವುದೂ ಅದೇ 8ನೇ ಅಧ್ಯಾಯವನ್ನು, ಈಗಿನ ಸುರಕ್ಷಾ ಸಂಹಿತೆಯಲ್ಲಿ ಅದು 9ನೇ ಅಧ್ಯಾಯವಾಗಿದೆ. ಅಂದರೆ ಮ್ಯಾಜಿಸ್ಟ್ರೇಟರು 19(3)ರಲ್ಲಿ ಮುಚ್ಚಳಿಕೆ ಬರೆಸಿಕೊಂಡರೆ, ಅದರ ಅವಧಿಯುದ್ದಕ್ಕೂ ಅವರು ಬಂದೂಕು ಇಟ್ಟುಕೊಳ್ಳಲು ಅನರ್ಹರು ಎಂದು ವಾದಿಸಲು ಗಟ್ಟಿ ನೆಲೆ ಸಿಗುತ್ತದೆ. ಎರಡು ಕಾಯ್ದೆಗಳ ನಡುವೆ ಇಷ್ಟು ಒಳ್ಳೆಯ ಸೇತುವೆ ಇದ್ದರೂ ಅದನ್ನು ಬಳಸುವವರು ಕಡಿಮೆ. ನಿಮ್ಮ ವಕೀಲರಿಗೆ ಈ ಎರಡು ಕಲಮುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ.

ನಾಲ್ಕನೆಯದ್ದರಲ್ಲಿ ‘ಲಿಖಿತವಾಗಿ’ ಎಂಬುದನ್ನು ಮರೆಯಬೇಡಿ. ಮ್ಯಾಜಿಸ್ಟ್ರೇಟರು ಬರೆದು ಸೂಚಿಸಿದರೆ ಮಾತ್ರ ಸಂರಕ್ಷಣಾಧಿಕಾರಿಗೆ ಆ ಕರ್ತವ್ಯ ಬರುತ್ತದೆ.

ಅರ್ಜಿಯಲ್ಲಿ ಸೇರಿಸಬಹುದಾದ ಒಂದು ಪ್ಯಾರಾ ಇಲ್ಲಿದೆ, ನಿಮ್ಮ ವಿವರಕ್ಕೆ ತಕ್ಕಂತೆ ಬದಲಿಸಿಕೊಳ್ಳಿ:

“ಎದುರುದಾರರ ಬಳಿ ಲೈಸೆನ್ಸ್ ಸಂಖ್ಯೆ ………ರ ಜೋಡಿ ನಳಿಗೆಯ ಕೋವಿ ಹಾಗೂ ತೋಟಾಗಳು ಇರುತ್ತವೆ. ದಿನಾಂಕ ………ರಂದು ರಾತ್ರಿ ಸುಮಾರು …… ಗಂಟೆಗೆ ಅವರು ಸದರಿ ಕೋವಿಯನ್ನು ನನ್ನ ಕಡೆಗೆ ಗುರಿ ಮಾಡಿ ‘………’ ಎಂದು ಬೆದರಿಕೆ ಹಾಕಿರುತ್ತಾರೆ. ಈ ಘಟನೆಯನ್ನು ……… ಎಂಬುವರು ಕಂಡಿರುತ್ತಾರೆ. ಸದರಿ ಕೋವಿ ಅವರ ಸ್ವಾಧೀನದಲ್ಲಿ ಮುಂದುವರಿದಲ್ಲಿ ನನ್ನ ಹಾಗೂ ನನ್ನ ಮಕ್ಕಳ ಪ್ರಾಣಕ್ಕೆ ಅಪಾಯವಿರುತ್ತದೆ. ಆದ್ದರಿಂದ ಕೋವಿ ಮತ್ತು ತೋಟಾಗಳನ್ನು ಕೂಡಲೇ ……… ಠಾಣೆಗೆ ಒಪ್ಪಿಸುವಂತೆ ಆದೇಶಿಸಿ, ಆದೇಶದ ಪ್ರತಿಯನ್ನು ಲೈಸೆನ್ಸಿಂಗ್ ಪ್ರಾಧಿಕಾರಕ್ಕೆ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ.”

ಅಪಾಯ ತುರ್ತಾಗಿದ್ದರೆ 23ನೇ ಕಲಮಿನಡಿ ಏಕಪಕ್ಷೀಯ ಮಧ್ಯಂತರ ಆದೇಶ ಕೇಳಿ. ಅಂದರೆ ಎದುರುದಾರರು ಬರುವ ಮುನ್ನವೇ ನಿಮ್ಮ ಪ್ರಮಾಣಪತ್ರದ ಮೇಲೆ ಕೊಡುವ ಆದೇಶ. ಕೋವಿಯ ವಿಷಯದಲ್ಲಿ ಇದು ಬಹಳ ಮುಖ್ಯ, ಯಾಕೆಂದರೆ ಕೋರ್ಟಿನ ನೋಟಿಸು ಮನೆಗೆ ತಲುಪುವ ದಿನವೇ ಅತ್ಯಂತ ಅಪಾಯದ ದಿನ. ಆ ದಿನ ನೀವೂ ಮಕ್ಕಳೂ ಬೇರೆಡೆ ಇರುವಂತೆ ಮೊದಲೇ ಏರ್ಪಾಟು ಮಾಡಿಕೊಳ್ಳಿ.

ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಅರ್ಜಿ ಇತ್ಯರ್ಥ 60 ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಇದಕ್ಕಿಂತ ಹೆಚ್ಚು ಎಳೆಯುತ್ತದೆ ಎಂಬುದನ್ನು ತಿಳಿದೇ ಹೆಜ್ಜೆ ಇಡಿ. ಅದಕ್ಕೇ ಮುಂದಿನ ಹಂತವನ್ನು ಕೋರ್ಟಿನ ಆದೇಶಕ್ಕೆ ಕಾಯದೆ ಅದೇ ವಾರ ಮಾಡಿಬಿಡಿ.

ಹಂತ 4: ಜಿಲ್ಲಾಧಿಕಾರಿಗೆ ಅರ್ಜಿ

ಲೈಸೆನ್ಸ್ ಕೊಟ್ಟವರಿಗೇ ಅದನ್ನು ಅಮಾನತಿನಲ್ಲಿಡುವ, ರದ್ದು ಮಾಡುವ ಅಧಿಕಾರವಿದೆ. ಅಮಾನತು ಎಂದರೆ ಇಷ್ಟು ಕಾಲ ಅಂತ ತಡೆಹಿಡಿಯುವುದು. ಶಸ್ತ್ರಾಸ್ತ್ರ ಕಾಯ್ದೆಯ 17(3) ಅದಕ್ಕೆ ಕಾರಣಗಳನ್ನು ಕೊಡುತ್ತದೆ: ಲೈಸೆನ್ಸುದಾರ ಯಾವುದೇ ಕಾರಣದಿಂದ ಲೈಸೆನ್ಸಿಗೆ ಅನರ್ಹನಾಗಿದ್ದರೆ, ಸಾರ್ವಜನಿಕ ಶಾಂತಿ ಅಥವಾ ಸುರಕ್ಷತೆಗೆ ಅಗತ್ಯವಿದ್ದರೆ, ಮಾಹಿತಿ ಮುಚ್ಚಿಟ್ಟು ಲೈಸೆನ್ಸ್ ಪಡೆದಿದ್ದರೆ, ಷರತ್ತು ಮುರಿದಿದ್ದರೆ.

ಅರ್ಜಿಯ ವಿಷಯದ ಸಾಲಿನಲ್ಲೇ “ಶಸ್ತ್ರಾಸ್ತ್ರ ಕಾಯ್ದೆ 1959, ಕಲಮು 17(3) ಮತ್ತು 22ರಡಿ ಕ್ರಮ ಕೋರಿ” ಎಂದು ಬರೆಯಿರಿ. 22ನೇ ಕಲಮು ಯಾಕೆ? ಯಾರಾದರೊಬ್ಬರ ಬಳಿ ಆಯುಧ ಬಿಟ್ಟರೆ ಸಾರ್ವಜನಿಕ ಶಾಂತಿಗೋ ಸುರಕ್ಷತೆಗೋ ಅಪಾಯ ಎಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ, ಕಾರಣ ದಾಖಲಿಸಿ ಮನೆ ಶೋಧಿಸಿ ಆಯುಧವನ್ನು ಸುರಕ್ಷಿತ ವಶದಲ್ಲಿಡಬಹುದು. ಲೈಸೆನ್ಸ್ ಇದ್ದರೂ ಸರಿ. ಇಲ್ಲಿ ಮ್ಯಾಜಿಸ್ಟ್ರೇಟ್ ಎಂದರೆ ಕೋರ್ಟಿನವರಲ್ಲ, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾದ ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ. ರದ್ದು ಮಾಡಲು ಲೈಸೆನ್ಸೇ ಇಲ್ಲದ ಕೊಡಗಿನ ವಿನಾಯಿತಿ ಕೋವಿಗೆ ಹೊಂದುವ ಕಲಮೂ ಇದೇ.

ಅರ್ಜಿಯ ಜೊತೆ ಎಫ್.ಐ.ಆರ್. ಅಥವಾ ಹಿಂಬರಹ, ಡಿ.ಐ.ಆರ್., ಕೋರ್ಟಿನ ಅರ್ಜಿಯ ಅಥವಾ ಆದೇಶದ ಪ್ರತಿ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಬೆದರಿಕೆಯ ಸಂದೇಶಗಳ ಪ್ರಿಂಟ್ ಇರಲಿ. ಒಂದು ಪ್ರತಿ ಎಸ್.ಪಿ.ಗೆ, ಇನ್ನೊಂದು ನಿಮ್ಮ ಠಾಣೆಗೆ. ಟಪಾಲು ವಿಭಾಗದಲ್ಲಿ ಸೀಲು, ದಿನಾಂಕ, ಸಹಿ ಹಾಕಿಸಿದ ಸ್ವೀಕೃತಿ ಇಲ್ಲದೆ ಹಿಂದಿರುಗಬೇಡಿ.

ಅರ್ಜಿ ತಲುಪಿದ ಮೇಲೆ ಕಚೇರಿ ಪೊಲೀಸ್ ವರದಿ ಕೇಳುತ್ತದೆ. ಅದು ಎಸ್.ಪಿ. ಮೂಲಕ ಇಳಿದು ನಿಮ್ಮೂರಿನ ಠಾಣೆಗೇ ಬರುತ್ತದೆ. ಠಾಣೆಯ ದಾಖಲೆಯಲ್ಲಿ ಕೋವಿಯ ಸುದ್ದಿಯೇ ಇಲ್ಲದಿದ್ದರೆ ‘ಆಕ್ಷೇಪಣೆಯಿಲ್ಲ’ ಎಂಬ ವರದಿ ಮೇಲೆ ಹೋಗಿಬಿಡಬಹುದು. 2ನೇ ಹಂತದಲ್ಲಿ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಇನ್ನೊಂದು ಎಚ್ಚರ. ಕ್ರಿಮಿನಲ್ ಕೇಸು ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ರದ್ದು ಮಾಡಿದ ಆದೇಶಗಳನ್ನು ಹೈಕೋರ್ಟುಗಳು, ಮುಖ್ಯವಾಗಿ ಅಲಹಾಬಾದ್ ಹೈಕೋರ್ಟ್, ಮತ್ತೆ ಮತ್ತೆ ತಳ್ಳಿಹಾಕಿವೆ. ಹಾಗಾಗಿ “ಅವರ ಮೇಲೆ ಕೇಸಿದೆ” ಎಂದಷ್ಟೇ ಬರೆದರೆ ಆದೇಶ ಸಿಕ್ಕರೂ ಮೇಲ್ಮನವಿಯಲ್ಲಿ ಬೀಳಬಹುದು. ಕೋವಿಯನ್ನೇ ಹೇಗೆ ದುರುಪಯೋಗ ಮಾಡಿದರು, ಮುಂದೆ ಏನಾಗುವ ಅಪಾಯವಿದೆ, ನೋಡಿದವರು ಯಾರು, ಇವು ಅರ್ಜಿಯ ಬೆನ್ನೆಲುಬು.

ಹಂತ 5: ಆದೇಶ ಬಂದ ಮೇಲೆ

ಅಮಾನತು ಆದೇಶ ಬಂದರೆ ಲೈಸೆನ್ಸ್ ಪುಸ್ತಕವನ್ನು ತಡಮಾಡದೆ ಒಪ್ಪಿಸಬೇಕು, ಕೋವಿಯನ್ನು ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಹೊಂದಿದ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಠೇವಣಿ ಆಗಿದೆಯೇ ಎಂದು ಠಾಣೆಯಲ್ಲಿ ವಿಚಾರಿಸಿ. ಎರಡು ಕೋವಿ ಇದ್ದವರು ಒಂದನ್ನಷ್ಟೇ ಒಪ್ಪಿಸುವುದು, ಕೋವಿ ಕೊಟ್ಟು ತೋಟಾ ಉಳಿಸಿಕೊಳ್ಳುವುದು, ತಮ್ಮನ ಮನೆಯಲ್ಲಿ ಇಟ್ಟು ‘ಕಳೆದುಹೋಯಿತು’ ಎನ್ನುವುದು, ಇವೆಲ್ಲ ಆಗಬಹುದಾದ ಸಂಗತಿಗಳು. ಅನುಮಾನವಿದ್ದರೆ ಕೂಡಲೇ ಬರೆದು ಕೊಡಿ.

ರಕ್ಷಣಾ ಆದೇಶದ ಪ್ರತಿಯನ್ನು ಕೋರ್ಟು ನಿಮಗೆ ಉಚಿತವಾಗಿ ಕೊಡಬೇಕು. ಅದನ್ನು ಉಲ್ಲಂಘಿಸಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಅದು. ಆದೇಶದಲ್ಲಿ ಕೋವಿಯ ಮಾತು ಸ್ಪಷ್ಟವಾಗಿದ್ದರೆ, ಕೋವಿ ಒಪ್ಪಿಸದೆ ಇರುವುದೂ ಉಲ್ಲಂಘನೆಯೇ.

ಅಮಾನತಿಗೆ ಕೊನೆಯ ದಿನಾಂಕ ಇದ್ದರೆ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಒಂದು ತಿಂಗಳು ಮುಂಚೆ ಮತ್ತೆ ಅರ್ಜಿ ಕೊಡಿ. ಲೈಸೆನ್ಸ್ ನವೀಕರಣದ ವರ್ಷ ಬಂದಾಗಲೂ ಹೀಗೆಯೇ ಮುಂಚಿತವಾಗಿ ಆಕ್ಷೇಪಣೆ ಸಲ್ಲಿಸಿ. 2019ರ ನಂತರ ಲೈಸೆನ್ಸಿನ ಅವಧಿ 5 ವರ್ಷ.

ಹಂತ 6: ಶಿಕ್ಷೆಯಾದರೆ

ಹಿಂಸೆಯ ಅಪರಾಧದಲ್ಲಿ ಜೈಲು ಶಿಕ್ಷೆಯಾದವರು, ಅವಧಿ ಎಷ್ಟೇ ಇರಲಿ, ಶಿಕ್ಷೆ ಮುಗಿದ ನಂತರ 5 ವರ್ಷದವರೆಗೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಇದೂ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನಲ್ಲೇ ಇದೆ. ತೀರ್ಪಿನ ಪ್ರತಿಯನ್ನು ನೀವೇ ಜಿಲ್ಲಾಧಿಕಾರಿ ಕಚೇರಿಗೆ ತಲುಪಿಸಿ. ಬರೀ ದಂಡ ಕಟ್ಟಿಸಿ ಬಿಟ್ಟರೆ, ಅಥವಾ ರಾಜಿಯಾಗಿ ಕೇಸು ಬಿದ್ದರೆ, ಈ ನಿಷೇಧ ಅನ್ವಯಿಸುವುದಿಲ್ಲ. 12ನೇ ಕಲಮಿನ ಅರ್ಜಿಯಲ್ಲಿ ಗೆದ್ದರೂ ಅದು ‘ಶಿಕ್ಷೆ’ ಅಲ್ಲ.

ಪದೇ ಪದೇ ಬರುವ ಇನ್ನು ಕೆಲವು ಪ್ರಶ್ನೆಗಳು

ಕೋವಿ ಮಾವನವರ ಹೆಸರಿನಲ್ಲಿದೆ, ಬೆದರಿಸುವುದು ಗಂಡ. ಏನು ಮಾಡಲಿ? ಮಾವನವರ ಲೈಸೆನ್ಸಿನ ಮೇಲೂ ಅರ್ಜಿ ಕೊಡಬಹುದು. ಕೋವಿಯನ್ನು ಬೇರೆಯವರ ಕೈಗೆ ಸಿಗದಂತೆ ಭದ್ರವಾಗಿಡುವುದು ಲೈಸೆನ್ಸುದಾರರ ಹೊಣೆ. ಮಗ ಬಂದು ಗೋಡೆಯಿಂದ ಇಳಿಸಿಕೊಳ್ಳುವಂತಿದ್ದರೆ ಆ ಹೊಣೆ ನಿಭಾಯಿಸಿಲ್ಲವೆಂದೇ ಅರ್ಥ.

ಗಂಡ ಪೊಲೀಸ್ ಅಥವಾ ಸೇನೆಯಲ್ಲಿದ್ದಾರೆ. ಕರ್ತವ್ಯದ ಆಯುಧಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸುವುದಿಲ್ಲ. ಅವರ ಮೇಲಧಿಕಾರಿಗೆ, ಘಟಕದ ಕಮಾಂಡಿಂಗ್ ಆಫೀಸರಿಗೆ ಲಿಖಿತವಾಗಿ ತಿಳಿಸಿ. ಸ್ವಂತ ಲೈಸೆನ್ಸಿನ ಕೋವಿ ಇದ್ದರೆ ಮೇಲಿನ ದಾರಿಯೇ. ನಿವೃತ್ತರಾಗಿ ಬ್ಯಾಂಕಿನ ಸೆಕ್ಯುರಿಟಿ ಕೆಲಸದಲ್ಲಿ ಸ್ವಂತ ಕೋವಿ ಹಿಡಿದವರಿಗೂ ಅಷ್ಟೇ.

“ನನಗೆ ನಾನೇ ಹೊಡೆದುಕೊಳ್ಳುತ್ತೇನೆ” ಎನ್ನುತ್ತಾರೆ, ನನ್ನ ಮೇಲೆ ಗುರಿಯಿಟ್ಟಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಂಥವರ ಕೈಯಲ್ಲಿ ಕೋವಿ ಇರುವುದು ಅವರಿಗೂ ಮನೆಯವರಿಗೂ ಅಪಾಯ. ಅಮಾನತು ಕೋರಲು ಇದೂ ಕಾರಣವೇ, ಅರ್ಜಿಯಲ್ಲಿ ಬರೆಯಿರಿ. ಜೊತೆಗೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ನಾವು ಅಮೆರಿಕದಲ್ಲಿದ್ದೇವೆ. ಅಲ್ಲಿನ ಕಾನೂನು ಈ ವಿಷಯದಲ್ಲಿ ಹೆಚ್ಚು ನೇರ. ಕುಟುಂಬದೊಳಗಿನ ಹಿಂಸೆಯ ಸಣ್ಣ ಅಪರಾಧದಲ್ಲಿ ಶಿಕ್ಷೆಯಾದರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬ ಫೆಡರಲ್ ನಿಷೇಧ 1996ರಿಂದ ಇದೆ, ಲಾಟೆನ್‌ಬರ್ಗ್ ತಿದ್ದುಪಡಿ ಎಂದು ಕರೆಯುತ್ತಾರೆ. ಕೋರ್ಟಿನ ರಕ್ಷಣಾ ಆದೇಶಕ್ಕೆ ಒಳಪಟ್ಟವರಿಗೂ ನಿಷೇಧವಿದೆ, 2024ರ ಜೂನ್‌ನಲ್ಲಿ ರಹೀಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 8–1ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಆದರೆ ಫೆಡರಲ್ ನಿಷೇಧ ಹತ್ತಬೇಕಾದರೆ ಎದುರಿನವರಿಗೆ ನೋಟಿಸು ಕೊಟ್ಟು ವಿಚಾರಣೆಯ ಅವಕಾಶ ಕೊಟ್ಟ ಆದೇಶ ಬೇಕು. ಮೊದಲ ದಿನ ಸಿಗುವ ತಾತ್ಕಾಲಿಕ ಆದೇಶ ಸಾಲದು, ಅದಕ್ಕೆ ನಿಮ್ಮ ರಾಜ್ಯದ ಕಾನೂನು ನೋಡಬೇಕು. ಎಚ್-1ಬಿ, ಎಚ್-4ನಂಥ ವೀಸಾದಲ್ಲಿರುವವರು ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳ ಹೊರತು ಬಂದೂಕು ಇಟ್ಟುಕೊಳ್ಳುವುದೇ ನಿಷಿದ್ಧ. ಅಲ್ಲಿನ ರಾಷ್ಟ್ರೀಯ ಸಹಾಯವಾಣಿ 1-800-799-7233. ದುಭಾಷಿ ಬೇಕೆಂದು ಕೇಳಿ, ವೀಸಾ ಗಂಡನ ಮೇಲೆ ನಿಂತಿದೆ ಎಂಬ ಭಯಕ್ಕೆ ಸುಮ್ಮನಿರಬೇಡಿ.

ಹಿರಿಯರು ಕೂತು ರಾಜಿ ಮಾಡಿಸುತ್ತಿದ್ದಾರೆ, ಒಪ್ಪಲೇ? ಒಪ್ಪುವುದು ಬಿಡುವುದು ನಿಮ್ಮ ತೀರ್ಮಾನ. ಒಪ್ಪುವುದಾದರೆ ರಾಜಿಯನ್ನು ಕೋರ್ಟಿನ ಮೂಲಕವೇ ದಾಖಲಿಸಿ, ಅದರಲ್ಲಿ ಕೋವಿಗೆ ಒಂದು ಪ್ರತ್ಯೇಕ ಷರತ್ತು ಇರಲಿ: ಕೋವಿ ಮತ್ತು ತೋಟಾಗಳನ್ನು ಇಷ್ಟು ದಿನದೊಳಗೆ ಲೈಸೆನ್ಸ್ ಇರುವ ವ್ಯಾಪಾರಿಗೆ ಮಾರತಕ್ಕದ್ದು ಅಥವಾ ಠಾಣೆಗೆ ಒಪ್ಪಿಸತಕ್ಕದ್ದು, ಲೈಸೆನ್ಸನ್ನು ಜಿಲ್ಲಾಧಿಕಾರಿ ಕಚೇರಿಗೆ ಹಿಂದಿರುಗಿಸತಕ್ಕದ್ದು, ಎರಡಕ್ಕೂ ರಸೀದಿಯನ್ನು ಕೋರ್ಟಿಗೆ ಹಾಜರುಪಡಿಸತಕ್ಕದ್ದು. ಆ ರಸೀದಿಗಳು ಫೈಲಿಗೆ ಸೇರುವವರೆಗೆ ಜಿಲ್ಲಾಧಿಕಾರಿಗೆ ಕೊಟ್ಟ ಅರ್ಜಿಯನ್ನು ವಾಪಸ್ ಪಡೆಯಬೇಡಿ.